ಯಶವಂತಪುರದಿಂದ ಹೆಬ್ಬಾಳಕ್ಕೆ: ಕಲ್ಲು ಗಾರೆಯ ವಿದ್ಯಾಲಯಗಳು

ವಿದ್ಯೆಯ ವಿಚಾರ ಬಂದಾಗ ನಮ್ಮ ಹಿರಿಯರು ಗುರುವನ್ನು ಮೊದಲು ನೆನೆದರು, ಗ್ರಂಥವನ್ನು ಅನಂತರ ನೆನೆದರು. ಕಟ್ಟಡವನ್ನು ನೆನೆದದ್ದು ಅಪರೂಪ. ಶರಣರ ಪರಂಪರೆಯಲ್ಲಿ ಬೆಳೆದ ನಮಗಂತೂ ಸ್ಥಾವರಕ್ಕಿಂತ ಜಂಗಮ ದೊಡ್ಡದೆಂಬುದು ಎಳವೆಯಿಂದಲೇ ಕಿವಿಗೆ ಬಿದ್ದ ಮಾತು. ಆದ್ದರಿಂದ ಕಾಲೇಜುಗಳ ಕಟ್ಟಡಗಳನ್ನು ಕುರಿತು ಈ ಪತ್ರಿಕೆಯಲ್ಲಿ ಬರೆಯಹೊರಟರೆ ಕೆಲವರು ಓದುಗ ಬಂಧುಗಳು ಹುಬ್ಬೇರಿಸಬಹುದು. ಹಾಗಿದ್ದೂ ಬರೆಯಲು ಒಂದು ಕಾರಣವುಂಟು.

ಕಳೆದ ವರ್ಷ ಸಮಾಜದ ಒಂದು ವಿದ್ಯಾರ್ಥಿನಿಲಯದ ಆಡಳಿತ ಮಂಡಲಿಯವರು ನನ್ನನ್ನು ಸಭೆಗೆ ಕರೆದಿದ್ದರು. ಊರಿನ ಹೆಸರು ಇಲ್ಲಿ ಬೇಡ. ನನ್ನ ತಂದೆಯವರ ಕಾಲದಲ್ಲಿ ಎದ್ದ ಕಲ್ಲಿನ ಕಟ್ಟಡ ಅದು. ಮುಂದೆ ಉದ್ದನೆಯ ಮೊಗಸಾಲೆ, ಹಿಂದೆ ಬಾವಿ, ಪಕ್ಕದಲ್ಲಿ ಹೊಗೆಹಿಡಿದ ದೊಡ್ಡ ಅಡುಗೆಮನೆ. ಅದನ್ನು ಕೆಡವಿ ನಾಲ್ಕು ಅಂತಸ್ತಿನ, ಗಾಜಿನ ಮುಖದ ಹೊಸ ಕಟ್ಟಡ ಎಬ್ಬಿಸುವ ನಕ್ಷೆಯೊಂದು ಮೇಜಿನ ಮೇಲೆ ಹರಡಿತ್ತು. ಮಠದ ಕಡೆಯವನಾದ ನಾನು ಒಂದು ಮಾತು ಹೇಳಿದರೆ ದಾನಿಗಳಿಗೆ ಸಮಾಧಾನವಾಗುತ್ತದೆ ಎಂಬುದು ಅವರ ಎಣಿಕೆ. "ಹಳೆಯದರಲ್ಲಿ ಏನಿದೆ ಗುರುಗಳೆ? ಸೋರುತ್ತದೆ, ಅಷ್ಟೆ" ಎಂದರು ಕಾರ್ಯದರ್ಶಿಗಳು. ಅವರ ಮಾತಿಗೆ ಆ ಕ್ಷಣ ನನ್ನಲ್ಲಿ ಉತ್ತರವಿರಲಿಲ್ಲ. ಕೆಡವಬೇಡಿರೆಂದು ಮನಸ್ಸು ಹೇಳುತ್ತಿತ್ತು. ಏಕೆಂದು ಬುದ್ಧಿಗೆ ತಿಳಿದಿರಲಿಲ್ಲ. ಒಂದಷ್ಟು ಕಾಲಾವಕಾಶ ಕೇಳಿ ಬೆಂಗಳೂರಿಗೆ ಮರಳಿದೆ.

ನಗರದ ಉತ್ತರ ಭಾಗದಲ್ಲಿ, ಯಶವಂತಪುರದಿಂದ ಹೆಬ್ಬಾಳದವರೆಗೆ ಒಂದೂವರೆ ಗಂಟೆ ನಡೆದರೆ ಮುಗಿಯುವ ದಾರಿಯಲ್ಲಿ, ನೂರು ವರ್ಷಗಳ ವಿದ್ಯಾಲಯ ನಿರ್ಮಾಣದ ಇತಿಹಾಸವೆಲ್ಲ ನಿಂತಿದೆ. ಆ ದಾರಿಯನ್ನು ಹಲವು ಬೆಳಗುಗಳಲ್ಲಿ ನಡೆದು, ಕಂಡದ್ದನ್ನೂ ಓದಿದ್ದನ್ನೂ ಇಲ್ಲಿ ಕೂಡಿಸಿದ್ದೇನೆ.

ಬಾಡಿಗೆಯ ಹಣದಿಂದ ಎದ್ದ ಭವನ

ಭಾರತೀಯ ವಿಜ್ಞಾನ ಸಂಸ್ಥೆ ಎಂಬ ಹೆಸರು ಕಾಗದದ ಮೇಲಿದ್ದರೂ ಯಶವಂತಪುರ, ಮತ್ತಿಕೆರೆಗಳ ಹಳೆಯ ನಿವಾಸಿಗಳಿಗೆ ಅದು ಇಂದಿಗೂ ಟಾಟಾ ಇನ್ಸ್ಟಿಟ್ಯೂಟ್. ಜಮಶೇಟಜಿ ನಸರವಾನಜಿ ಟಾಟಾ ಅವರು 1898ರಲ್ಲಿ ಈ ಯೋಜನೆಯನ್ನು ಮುಂದಿಟ್ಟಾಗ, ಅದರ ಖರ್ಚಿಗೆಂದು ಮುಂಬಯಿಯಲ್ಲಿದ್ದ ತಮ್ಮ ಕಟ್ಟಡಗಳನ್ನೂ ಜಮೀನುಗಳನ್ನೂ ಮೀಸಲಿಟ್ಟರು. ಅವುಗಳಿಂದ ವರ್ಷಕ್ಕೆ ಸುಮಾರು 1.25 ಲಕ್ಷ ರೂಪಾಯಿ ಹುಟ್ಟುವ ಅಂದಾಜಿತ್ತು. ಒಂದು ಊರಿನ ಮನೆ ಬಾಡಿಗೆಯಿಂದ ಇನ್ನೊಂದು ಊರಿನಲ್ಲಿ ವಿದ್ಯಾಲಯ ಎದ್ದ ಕಥೆ ಇದು. ಸ್ಥಾವರದ ಫಲವನ್ನು ಹೀಗೆ ಹರಿಯಬಿಟ್ಟರೆ ಅದನ್ನು ಬರಿಯ ಸ್ಥಾವರವೆಂದು ತಳ್ಳಿಹಾಕುವುದು ಕಷ್ಟ.

ಸ್ಥಳದ ಆಯ್ಕೆಗಾಗಿ ಇಂಗ್ಲೆಂಡಿನಿಂದ ಬಂದವರು ರಸಾಯನ ವಿಜ್ಞಾನಿ ವಿಲಿಯಂ ರ್‍ಯಾಮ್ಸೆ. 1900–01ರಲ್ಲಿ ದೇಶ ಸುತ್ತಿ ಅವರು ಬೆಂಗಳೂರು ಯೋಗ್ಯವೆಂದು ಸೂಚಿಸಿದರು. ಆಗ ಮೈಸೂರಿನ ಆಡಳಿತದ ಹೊಣೆ ಹೊತ್ತಿದ್ದವರು ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು. ದಿವಾನರು ಶೇಷಾದ್ರಿ ಅಯ್ಯರ್. ಮೈಸೂರು ಸಂಸ್ಥಾನ ಕೊಟ್ಟದ್ದು 371 ಎಕರೆ ಭೂಮಿ, ಕಟ್ಟಡಕ್ಕೆ 5 ಲಕ್ಷ ರೂಪಾಯಿ, ಮೇಲೆ ವರ್ಷಕ್ಕೆ 50 ಸಾವಿರ. ಸರ್ಕಾರದ ಅಂಗೀಕಾರದ ಆಜ್ಞೆ ಹೊರಟದ್ದು 1909ರ ಮೇ 27ರಂದು. ಅಷ್ಟರಲ್ಲಿ ಟಾಟಾ ಅವರು ತೀರಿಕೊಂಡು ಐದು ವರ್ಷವಾಗಿತ್ತು. 1911ರ ಫೆಬ್ರವರಿ 1ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು. ಅದೇ ವರ್ಷ ಜುಲೈ ತಿಂಗಳಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಮೊದಲ ನಿರ್ದೇಶಕರು ಮಾರಿಸ್ ಟ್ರಾವರ್ಸ್. ರ್‍ಯಾಮ್ಸೆಯವರ ಜೊತೆಯಲ್ಲಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದವರು.

ಮುಖ್ಯ ಭವನದ ನಕ್ಷೆ ಹಾಕಿದವರು ಮುಂಬಯಿಯ ಸಿ. ಎಫ್. ಸ್ಟೀವನ್ಸ್. ಇವರ ತಂದೆ ಎಫ್. ಡಬ್ಲ್ಯು. ಸ್ಟೀವನ್ಸ್ ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ ನಿಲ್ದಾಣದ ಶಿಲ್ಪಿ. ತಂದೆ ಮಕ್ಕಳ ಈ ಎರಡು ಕಟ್ಟಡಗಳನ್ನೂ ಕಂಡವರಿಗೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ತಂದೆಯ ಕಟ್ಟಡದ ಮೈತುಂಬ ಎಲೆ, ಹೂವು, ಪ್ರಾಣಿ, ಪಕ್ಷಿ. ಮಗನ ಕಟ್ಟಡದಲ್ಲಿ ನಡುವೆ ಎತ್ತರದ ಗೋಪುರ, ಎರಡು ಕಡೆಗೆ ಚಾಚಿದ ರೆಕ್ಕೆಗಳು, ಕಂಬಗಳ ಸಾಲು. ಉಳಿದಂತೆ ಬರಿಯ ಬೂದುಬಣ್ಣದ ಕಲ್ಲು. ಇದನ್ನು ಕೇವಲ ಅಭಿರುಚಿಯ ಭೇದವೆನ್ನಲಾಗದು; ಅರ್ಧದಷ್ಟು ಕಾರಣ ಕಲ್ಲಿನಲ್ಲೇ ಇದೆ. ನಮ್ಮ ಹೊಯ್ಸಳ ಶಿಲ್ಪಿಗಳು ಬೇಲೂರು ಹಳೇಬೀಡುಗಳಲ್ಲಿ ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದು. ಆಭರಣದ ಕೆಲಸದಂತೆ ಕೆತ್ತಬಹುದು. ಬೆಂಗಳೂರಿನ ಕಣಶಿಲೆ ಅಂಥ ಸಲಿಗೆಯನ್ನು ಯಾರಿಗೂ ಕೊಟ್ಟಿಲ್ಲ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ; ಲಾಲ್‌ಬಾಗಿನ ಬಂಡೆಯನ್ನು 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದು ಇದೇ ಹಿರಿತನಕ್ಕಾಗಿ. ಈ ಕಲ್ಲಿನಲ್ಲಿ ನೇರವಾದ ಅಂಚು ಬರುತ್ತದೆ, ದುಂಡನೆಯ ಕಂಬ ಬರುತ್ತದೆ, ಅಗಲವಾದ ಚಪ್ಪಡಿ ಬರುತ್ತದೆ. ಬಳ್ಳಿ ಬಾರದು. ಕಲ್ಲು ಒಪ್ಪಿದಷ್ಟನ್ನೇ ಕೇಳಿದ್ದರಿಂದ ಆ ಭವನಕ್ಕೆ ಒಂದು ಗಾಂಭೀರ್ಯ ತಾನಾಗಿ ಬಂದಿದೆ.

ಈ ಕಲ್ಲನ್ನು ಬಂಡೆಯಿಂದ ಎಬ್ಬಿಸುವ ವಿಧಾನವನ್ನು ಇಂದಿನ ಮಕ್ಕಳು ಕಾಣರು. ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕಿ, ಕಾವು ಏರಿದಂತೆ ಮೇಲಿನ ಪದರ ಸಡಿಲವಾಗುವ ಸದ್ದನ್ನು ಕಿವಿಗೊಟ್ಟು ಕೇಳಿ, ಮೀಟಿ ಎತ್ತುತ್ತಿದ್ದರು. ಆಮೇಲೆ ಉಳಿಯಿಂದ ಸಾಲಾಗಿ ಕುಳಿ ತೋಡಿ, ಕಬ್ಬಿಣದ ಬೆಣೆ ಹೊಡೆದು, ಬೇಕಾದ ಅಳತೆಗೆ ಸೀಳುತ್ತಿದ್ದರು. ಸೈಜುಗಲ್ಲೆಂದು ನಾವು ಕರೆಯುವುದು ಹೀಗೆ ಬಂದದ್ದು. ಕಲ್ಲಿನ ಕಾಯಕದ ಭೋವಿ ಜನಾಂಗದವರು ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ತಮ್ಮ ಗುರುವೆಂದು ನಂಬಿದವರು. ಕೆರೆ ಕಟ್ಟಿಸಿದ ಶರಣನನ್ನು ಕಲ್ಲು ಕಡಿಯುವವರು ಗುರುವಾಗಿ ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಅಡಿಗಲ್ಲಿನ ಮೇಲೆ ಅರಸರ ಹೆಸರಿರುತ್ತದೆ, ದಾನಿಗಳ ಹೆಸರಿರುತ್ತದೆ. ಅಡಿಗಲ್ಲನ್ನೇ ಕಡಿದವನ ಹೆಸರನ್ನು ಕೆತ್ತುವ ರೂಢಿ ನಮ್ಮ ನಾಡಿನಲ್ಲಿ ಇನ್ನೂ ಬಂದಿಲ್ಲ.

ಭವನದ ಎದುರಿಗೆ ಗಿಲ್ಬರ್ಟ್ ಬೇಯ್ಸ್ ಎಂಬ ಇಂಗ್ಲಿಷ್ ಶಿಲ್ಪಿ ಮಾಡಿದ ಟಾಟಾ ಅವರ ಪ್ರತಿಮೆ ಇದೆ, 1922ರಲ್ಲಿ ಅನಾವರಣಗೊಂಡದ್ದು. ಪುಸ್ತಕ ಭಂಡಾರ 1965ರಲ್ಲಿ ಪ್ರತ್ಯೇಕ ಕಟ್ಟಡಕ್ಕೆ ಹೋಯಿತು. ಮುಖ್ಯ ಭವನದಲ್ಲಿ ಇಂದು ಆಡಳಿತದ ಕಚೇರಿಗಳಿವೆ.

ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಗಳು

ಭವನ ಎಷ್ಟು ಭವ್ಯವಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಇದರೊಳಗೆ ಯಾರಿಗೆ ಪ್ರವೇಶ? ಈ ಪ್ರಶ್ನೆಯನ್ನು ಟಾಟಾ ಸಂಸ್ಥೆಯ ಅಂಗಳದಲ್ಲೇ ನಿಂತು ಇಬ್ಬರು ಕೇಳಿದರು. ಕಟ್ಟಡಗಳ ಚರಿತ್ರೆಯಲ್ಲಿ ಇವಕ್ಕೆ ಜಾಗವಿಲ್ಲವೆನ್ನುವವರು ಇರಬಹುದು. ನನಗೆ ಇವೇ ಮುಖ್ಯವಾಗಿ ಕಂಡಿವೆ.

ಮೊದಲನೆಯವರು ಗಾಂಧೀಜಿ. 1927ರಲ್ಲಿ ಆರೋಗ್ಯ ಸುಧಾರಣೆಗೆಂದು ಮೈಸೂರು ಸಂಸ್ಥಾನದಲ್ಲಿ ತಂಗಿದ್ದಾಗ, ಜುಲೈ ತಿಂಗಳಲ್ಲಿ ಅವರು ಸಂಸ್ಥೆಗೆ ಬಂದು ಪ್ರಯೋಗಶಾಲೆಗಳನ್ನು ನೋಡಿದರು. ಬಳಿಕ ವಿದ್ಯಾರ್ಥಿಗಳೊಡನೆ ಮಾತನಾಡುತ್ತ, ಇಷ್ಟು ದೊಡ್ಡ ವೈಭವದಲ್ಲಿ ಹಳ್ಳಿಗನಾದ ತನಗೆಲ್ಲಿ ಸ್ಥಾನವೆಂಬ ಅರ್ಥ ಬರುವಂತೆ ನುಡಿದರು. ಇಂಥ ಸಂಸ್ಥೆಗಳಿಗೆ ಹರಿದು ಬರುವ ಹಣದ ಮೂಲ ಬಡ ಹಳ್ಳಿಗನ ಬೆವರು. ಇಲ್ಲಿನ ಸಂಶೋಧನೆ ಅವನವರೆಗೆ ತಲುಪಬೇಕು ಎಂಬುದು ಅವರ ಮಾತಿನ ಸಾರ.

ಎರಡನೆಯವರು ಒಬ್ಬ ಹೆಣ್ಣುಮಗಳು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಉನ್ನತ ಶ್ರೇಣಿಯಲ್ಲಿ ಉತ್ತೀರ್ಣರಾದ ಕಮಲಾ ಭಾಗವತ್ ಅವರು 1933ರಲ್ಲಿ ಸಂಶೋಧನೆಗೆ ಅರ್ಜಿ ಹಾಕಿದಾಗ, ಅದೇ ವರ್ಷ ನಿರ್ದೇಶಕರಾಗಿ ಬಂದ ಸರ್ ಸಿ. ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿದರು. ಅವರು ಸುಮ್ಮನೆ ಹಿಂದಿರುಗಲಿಲ್ಲ. ಸತ್ಯಾಗ್ರಹದ ಹಾದಿ ಹಿಡಿದು, ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ಪಡೆದರು. ಮುಂದೆ ಕಮಲಾ ಸೊಹೊನಿ ಎಂಬ ಹೆಸರಿನಿಂದ, ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಭಾರತದ ಮೊದಲ ಮಹಿಳೆಯರಲ್ಲಿ ಒಬ್ಬರಾದರು. ಆ ಬಾಗಿಲು ಅವರಿಗಾಗಿ ತೆರೆದದ್ದು ಮತ್ತೆ ಪೂರ್ತಿ ಮುಚ್ಚಲಿಲ್ಲ. ನಮ್ಮ ಕನ್ನಡ ನಾಡಿನವರೇ ಆದ ರಾಜೇಶ್ವರಿ ಚಟರ್ಜಿಯವರು ಅದೇ ಸಂಸ್ಥೆಯಲ್ಲಿ ವಿದ್ಯುತ್ ಸಂಪರ್ಕ ವಿಭಾಗದ ಪ್ರಾಧ್ಯಾಪಕರಾಗಿ ಹೆಸರು ಗಳಿಸಿದರು. ಅಕ್ಕಮಹಾದೇವಿ ಅನುಭವ ಮಂಟಪದ ಹೊಸ್ತಿಲಲ್ಲಿ ಎಷ್ಟು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಯಿತೆಂಬುದನ್ನು ಶೂನ್ಯಸಂಪಾದನೆಯಲ್ಲಿ ಓದಿದ ನಮಗೆ ಈ ಪ್ರಸಂಗ ಹೊಸದಾಗಿ ತೋರುವುದಿಲ್ಲ.

ಗಾಂಧೀಜಿಯ ಪ್ರಶ್ನೆಗೆ ಉತ್ತರ ಬರಲು ಇನ್ನೂ ಹೆಚ್ಚು ಕಾಲ ಹಿಡಿಯಿತು. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ, ವಿಜ್ಞಾನ ತಂತ್ರಜ್ಞಾನಗಳನ್ನು ಹಳ್ಳಿಗಳಿಗೆ ಅನ್ವಯಿಸುವ 'ಅಸ್ತ್ರ' ಎಂಬ ವಿಭಾಗ ಸಂಸ್ಥೆಯಲ್ಲಿ ಹುಟ್ಟಿತು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರ ನಡೆಯಿತು. ನಮ್ಮ ಓದುಗರಲ್ಲಿ ಹಿರಿಯ ತಾಯಂದಿರಿಗೆ ಅಸ್ತ್ರ ಒಲೆಯ ನೆನಪಿರಬೇಕು: ಕಡಿಮೆ ಸೌದೆಯಲ್ಲಿ ಮೂರು ಪಾತ್ರೆ ಕಾಯಿಸಿ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುತ್ತಿದ್ದ ಒಲೆ. ಕಟ್ಟಡದ ಮಾತಿಗೆ ಬಂದರೆ ಅದೇ ವಿಭಾಗ ಮಣ್ಣಿನ ಒತ್ತು ಇಟ್ಟಿಗೆಯನ್ನು ರೂಢಿಗೆ ತಂದಿತು. ಜರಡಿಯಾಡಿದ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ನೀರು ಹಾಕಿ ಗಟ್ಟಿಯಾಗಲು ಬಿಟ್ಟರೆ ಆಯಿತು, ಸುಡುವ ಕೆಲಸವಿಲ್ಲ. ಒಂದು ಗೂಡು ಇಟ್ಟಿಗೆ ಸುಡಲು ಎಷ್ಟು ಮರ ಬೀಳುತ್ತದೆಂದು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ. ಕಣಶಿಲೆಯ ಗೋಪುರದ ನೆರಳಿನಲ್ಲಿ ಕುಳಿತು ಮಣ್ಣಿನ ಗೋಡೆಯ ಚಿಂತೆ ಮಾಡಿದ್ದನ್ನು ನಾನು ಆ ಸಂಸ್ಥೆಯ ದೊಡ್ಡ ಕೆಲಸಗಳಲ್ಲಿ ಒಂದೆಂದು ಎಣಿಸುತ್ತೇನೆ.

ಇಲ್ಲಿ ಮತ್ತೊಬ್ಬ ಶಿಲ್ಪಿಯನ್ನು ನೆನೆಯದೆ ಮುಂದೆ ಹೋಗಲಾಗದು. ಆಟೋ ಕೋನಿಗ್ಸ್‌ಬರ್ಗರ್ ಬರ್ಲಿನ್ನಿನವರು. ಯಹೂದಿ ವಂಶದವರಾದ್ದರಿಂದ ಹಿಟ್ಲರನ ಆಡಳಿತದಲ್ಲಿ ದೇಶ ಬಿಡಬೇಕಾಯಿತು. ಸರ್ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿ, 1939ರಲ್ಲಿ, ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದರು. ಎರಡನೆಯ ಮಹಾಯುದ್ಧದ ಕಾಲ. ಉಕ್ಕು ಸಿಮೆಂಟುಗಳಿಗೆ ಬರ. ವಿಮಾನ ಕಾರ್ಖಾನೆ ಬೆಂಗಳೂರಿಗೆ ಬಂದಿತ್ತು. 1942ರಲ್ಲಿ ಟಾಟಾ ಸಂಸ್ಥೆಯಲ್ಲಿ ವಾಯುಯಾನ ವಿಭಾಗ ಆರಂಭವಾಯಿತು. ಆ ವಿಭಾಗದ ಕಟ್ಟಡ, ಲೋಹಶಾಸ್ತ್ರ ವಿಭಾಗದ ಕಟ್ಟಡ, ವಿದ್ಯಾರ್ಥಿಗಳ ಊಟದ ಶಾಲೆ ಮತ್ತು ಸಭಾಂಗಣ ಕೋನಿಗ್ಸ್‌ಬರ್ಗರರ ಕೈಯಿಂದ ಬಂದವು. ಗೋಪುರವಿಲ್ಲ, ಕಂಬಗಳ ಮೆರವಣಿಗೆಯಿಲ್ಲ. ಬಿಸಿಲು ಎತ್ತ ಬೀಳುತ್ತದೆ, ಗಾಳಿ ಎತ್ತಣಿಂದ ಬೀಸುತ್ತದೆ, ಇವನ್ನು ಲೆಕ್ಕ ಹಾಕಿ ಕಿಟಕಿಯ ಜಾಗ ಗೊತ್ತುಮಾಡುವುದು ಅವರ ರೀತಿ. ಮುಂದೆ 1970ರ ದಶಕದಲ್ಲಿ ಅವರು ಉಷ್ಣವಲಯದ ಕಟ್ಟಡಗಳ ಕೈಪಿಡಿಯೊಂದನ್ನು ಸಹಲೇಖಕರೊಡನೆ ಪ್ರಕಟಿಸಿದರು. ಹಲವು ದೇಶಗಳ ವಾಸ್ತುಶಿಲ್ಪ ವಿದ್ಯಾರ್ಥಿಗಳು ಅದನ್ನು ಓದುತ್ತ ಬಂದಿದ್ದಾರೆ. ಅದರ ಹಿಂದಿರುವ ಅನುಭವದಲ್ಲಿ ನಮ್ಮ ಬೆಂಗಳೂರಿನ ಬಿಸಿಲಿಗೂ ಪಾಲಿದೆ.

ಬಿಸಿಲಿನ ಲೆಕ್ಕ ಸರಳ. ದಪ್ಪನೆಯ ಕಲ್ಲುಗೋಡೆ ಹಗಲಿನ ಕಾವನ್ನು ತಾನು ಹೀರಿಕೊಂಡು ಬಹಳ ಹೊತ್ತು ಒಳಗೆ ಬಿಡುವುದಿಲ್ಲ. ಬಿಡುವ ಹೊತ್ತಿಗೆ ಹೊರಗೆ ಸಂಜೆಯ ತಂಪು. ಮೇಲೆ ಬೆಳಕಿಂಡಿಯಿದ್ದರೆ ಬಿಸಿಗಾಳಿ ಅಲ್ಲಿಂದ ಹೊರಟುಹೋಗುತ್ತದೆ. ಮುಂದಿನ ಮೊಗಸಾಲೆ ಗೋಡೆಗೆ ನೇರ ಬಿಸಿಲು ತಾಗದಂತೆ ಕಾಯುತ್ತದೆ. ಗಾಜಿನ ಗೋಡೆಯಾದರೋ ಬಿಸಿಲನ್ನು ಒಳಗೆ ಬಿಟ್ಟುಕೊಂಡು ಕಾವನ್ನು ಹೊರಗೆ ಬಿಡದೆ ಹಿಡಿಯುತ್ತದೆ. ಚಳಿದೇಶಗಳಿಗೆ ಅದು ಉಪಕಾರಿ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ, ಸಹಜವಾಗಿ ತಂಪಾದ ಊರಿನಲ್ಲಿ ಮೊದಲು ಗಾಜು ಹಾಕಿ, ಅನಂತರ ಆ ಸೆಕೆ ಕಳೆಯಲು ಯಂತ್ರ ತಂದು, ಆ ಯಂತ್ರಕ್ಕೆ ತಿಂಗಳು ತಿಂಗಳು ವಿದ್ಯುತ್ತಿನ ಶುಲ್ಕ ಕಟ್ಟುವುದು ನನ್ನ ಬುದ್ಧಿಗೆ ಎಟಕುತ್ತಿಲ್ಲ.

ಹೊಲದ ನಡುವಿನ ಕಾಲೇಜು

ಟಾಟಾ ಸಂಸ್ಥೆಯಿಂದ ಸದಾಶಿವನಗರದ ಬದಿಯಾಗಿ ಬಳ್ಳಾರಿ ರಸ್ತೆಗೆ ಬಂದು ಉತ್ತರಕ್ಕೆ ನಡೆದರೆ ಹೆಬ್ಬಾಳ. ಈ ಊರಿನ ಹಿರಿತನಕ್ಕೂ ಒಂದು ಕಲ್ಲೇ ಸಾಕ್ಷಿ. 2018ರಲ್ಲಿ ಇಲ್ಲಿ ಚರಂಡಿ ಅಗೆಯುವಾಗ ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲು ದೊರೆಯಿತು. ಕಿತ್ತಯ್ಯನೆಂಬ ವೀರ ಊರಿಗಾಗಿ ಮಡಿದದ್ದನ್ನು ಹೇಳುವ ಅದು ಬೆಂಗಳೂರಿನಲ್ಲಿ ಸಿಕ್ಕ ಅತ್ಯಂತ ಹಳೆಯ ಕನ್ನಡ ಶಾಸನ. ಚರಂಡಿಯ ಮಣ್ಣಿನಲ್ಲಿ ಮುಚ್ಚಿಹೋಗುವುದರಲ್ಲಿದ್ದುದನ್ನು ಶಾಸನಾಸಕ್ತರು ಉಳಿಸಿದರು.

ಟಾಟಾ ಸಂಸ್ಥೆಗೆ ನೆಲ ಸಿಗುವ ಮೊದಲೇ, 1899ರಲ್ಲಿ, ಅದೇ ರೀಜೆಂಟ್ ಮಹಾರಾಣಿಯವರು ಹೆಬ್ಬಾಳದಲ್ಲಿ 30 ಎಕರೆಯನ್ನು ಕೃಷಿ ಪ್ರಯೋಗಕ್ಕೆ ಬಿಟ್ಟುಕೊಟ್ಟಿದ್ದರು. 1876–78ರ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಸಂಸ್ಥಾನದ ಲಕ್ಷಾಂತರ ಜನ ಹಸಿವಿನಿಂದ ಸತ್ತ ನೆನಪು ಆಗಿನ್ನೂ ಹಸಿಯಾಗಿತ್ತು. ಡಾ. ಲೇಮನ್ ಎಂಬ ರಸಾಯನ ತಜ್ಞರು ಮೊದಲು ಕೆಲಸಕ್ಕೆ ಕೈಹಾಕಿದರು. 1908ರಲ್ಲಿ ಕೆನಡಾದಿಂದ ಲೆಸ್ಲಿ ಕೋಲ್ಮನ್ ಬಂದರು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ರೈತರಿಗೆ ಕಲಿಸಿದವರು ಇವರೇ. ಗೋಡೆಯನ್ನು ಕಾಯುವ ಸುಣ್ಣವೇ ಅಡಿಕೆಯ ಗೊನೆಯನ್ನೂ ಕಾಯಿತು. 1913ರಲ್ಲಿ ಕೃಷಿ ಶಾಲೆ, 1946ರಲ್ಲಿ ಕೃಷಿ ಕಾಲೇಜು, 1958ರಲ್ಲಿ ಪಶುವೈದ್ಯ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ: ಹೀಗೆ 30 ಎಕರೆಯ ಬೀಜ ಮರವಾಯಿತು.

ಹೆಬ್ಬಾಳದ ಕಟ್ಟಡಗಳು ಟಾಟಾ ಸಂಸ್ಥೆಯವುಗಳಂತೆ ನಿಂತು ನೋಡಿಸಿಕೊಳ್ಳುವಂಥವಲ್ಲ. ಇಲ್ಲಿ ಹೊಲವೇ ಮುಖ್ಯ ಭವನ. ವಿಶ್ವವಿದ್ಯಾಲಯಕ್ಕೆ ಜಾಗ ಸಾಲದಾದಾಗ ಯಲಹಂಕದ ದಿಕ್ಕಿನಲ್ಲಿ ಸುಮಾರು 1300 ಎಕರೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರಕ್ಕೆ 1969ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಅಡಿಗಲ್ಲಿಟ್ಟರು. ಅಲ್ಲಿಯೂ ಕಟ್ಟಡದಿಂದ ಕಟ್ಟಡಕ್ಕೆ ಹೋಗಬೇಕಾದರೆ ಮರಗಳ ನಡುವೆ, ಬೆಳೆಗಳ ಪಕ್ಕದಲ್ಲಿ ನಡೆಯಬೇಕು. ನಗರದ ಹುಡುಗರಿಗೆ ಇದು ದೂರವೆನಿಸುತ್ತದೆ. ರೈತನ ಮಗ ಮಾತ್ರ ಆ ದಾರಿಯಲ್ಲಿ ರಾಗಿಯ ತೆನೆ ಎಷ್ಟು ತುಂಬಿದೆಯೆಂದು ನೋಡಿಕೊಂಡೇ ತರಗತಿಗೆ ಹೋಗುತ್ತಾನೆ. ನವೆಂಬರಿನ ಕೃಷಿ ಮೇಳದ ದಿನಗಳಲ್ಲಿ ನಾಡಿನ ಮೂಲೆಮೂಲೆಯಿಂದ ರೈತ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಬಂದು ಆ ಮರಗಳ ಕೆಳಗೆ ಕುಳಿತು ಉಣ್ಣುವುದನ್ನು ಕಂಡಾಗ, ಹಳ್ಳಿಗನಿಗೆಲ್ಲಿ ಸ್ಥಾನವೆಂಬ ಪ್ರಶ್ನೆ ಇಲ್ಲಿ ಹುಟ್ಟುವುದೇ ಇಲ್ಲವೆನಿಸಿತು. 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಬಂದ ಮೇಲೆ ಈ ರಸ್ತೆಯ ಎರಡೂ ಬದಿಯ ನೆಲಕ್ಕೆ ಚಿನ್ನದ ಬೆಲೆ. ಇಷ್ಟು ಬೆಲೆಯ ನೆಲದಲ್ಲಿ ರಾಗಿ ಬೆಳೆಯುವುದು ಸರಿಯೇ ಎಂದು ಕೇಳುವವರಿದ್ದಾರೆ. ಉಣ್ಣುವ ಬಾಯಿಯಿಂದಲೇ ಆ ಮಾತು ಬರುತ್ತದೆ.

ಊಟ ಹಾಕಿದ ಕಟ್ಟಡಗಳು

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಸಮಾಜದ ಪಾಲನ್ನು ಹೇಳದಿದ್ದರೆ ಲೇಖನ ಅರ್ಧವಾಗುತ್ತದೆ. ಗುಬ್ಬಿ, ತುಮಕೂರು, ತಿಪಟೂರುಗಳಿಂದ ರೈಲಿನಲ್ಲಿ ಬರುವ ಹುಡುಗ ಯಶವಂತಪುರವನ್ನು ದಾಟಿಯೇ ಬೆಂಗಳೂರಿಗೆ ಇಳಿಯಬೇಕು. ಕಾಲೇಜಿನ ಪ್ರವೇಶ ಸಿಕ್ಕಿದರೂ ರಾತ್ರಿ ಮಲಗುವುದೆಲ್ಲಿ, ಉಣ್ಣುವುದೆಲ್ಲಿ? ಈ ಚಿಂತೆ ಹೊತ್ತವರು ಗುಬ್ಬಿ ತೋಟದಪ್ಪನವರು. 1838ರಲ್ಲಿ ಜನಿಸಿ, ಬೆಂಗಳೂರಿನ ಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದ್ದನ್ನು ಅವರು ಧರ್ಮಕ್ಕೆ ಬರೆದರು. ರೈಲು ನಿಲ್ದಾಣದ ಎದುರಿಗೆ 1897ರಲ್ಲಿ ಎರಡೂವರೆ ಎಕರೆ ಜಾಗ ಕೊಂಡು ಕಟ್ಟಿಸಿದ ಧರ್ಮಛತ್ರವನ್ನು 1903ರ ಫೆಬ್ರವರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ವಿದ್ಯಾರ್ಥಿನಿಲಯವೂ ನಡೆಯಿತು. ಧರ್ಮಸಂಸ್ಥೆಯ ಮೊದಲ ಅಧ್ಯಕ್ಷತೆಯನ್ನು ಕೆ. ಪಿ. ಪುಟ್ಟಣ್ಣ ಚೆಟ್ಟರು ವಹಿಸಿದರು.

ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಟಾಟಾ ಅವರು ತೀರಿಕೊಂಡದ್ದು 1904ರಲ್ಲಿ. ತಮ್ಮ ಸಂಸ್ಥಾನದ ಆಸ್ತಿಯನ್ನು ಲಿಂಗಾಯತ ಮಕ್ಕಳ ವಿದ್ಯೆಗೆ ಮೃತ್ಯುಪತ್ರದ ಮೂಲಕ ಬಿಟ್ಟ ಸಿರಸಂಗಿ ಲಿಂಗರಾಜ ದೇಸಾಯಿಯವರು ಲಿಂಗೈಕ್ಯರಾದದ್ದು 1906ರಲ್ಲಿ. ತೋಟದಪ್ಪನವರು 1910ರಲ್ಲಿ. ಆರು ವರ್ಷಗಳ ಒಳಗೆ, ಮುಂಬಯಿಯ ಪಾರಸಿ, ಬೆಳಗಾವಿ ಸೀಮೆಯ ದೇಸಾಯಿ, ಗುಬ್ಬಿಯ ವರ್ತಕ, ಮೂವರೂ ತಮ್ಮ ಆಸ್ತಿಯನ್ನು ಮುಂದಿನ ಪೀಳಿಗೆಯ ಓದಿಗೆ ಬಿಟ್ಟುಹೋದರು. ಲಿಂಗರಾಜರ ಹೆಸರನ್ನು ಕೆ.ಎಲ್.ಇ. ಸಂಸ್ಥೆಯವರು 1933ರಲ್ಲಿ ಬೆಳಗಾವಿಯ ಕಾಲೇಜಿಗೆ ಇಟ್ಟರು. ಒಬ್ಬರು ಪ್ರಯೋಗಶಾಲೆ ಕಟ್ಟಿದರು, ಮತ್ತೊಬ್ಬರು ಶುಲ್ಕ ಕೊಟ್ಟರು, ಇನ್ನೊಬ್ಬರು ಊಟ ಹಾಕಿದರು. ಊಟದ ಕಟ್ಟಡವಿಲ್ಲದಿದ್ದರೆ ಪ್ರಯೋಗಶಾಲೆಯ ಕಟ್ಟಡಕ್ಕೆ ಹಳ್ಳಿಯ ಹುಡುಗ ತಲುಪುತ್ತಿರಲಿಲ್ಲ. ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಸ್ವಾಮೀಜಿಯವರೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ 1930ರಲ್ಲಿ ಮಠದ ಹೊಣೆಗೆ ಕರೆಸಿಕೊಳ್ಳಲ್ಪಟ್ಟವರು. 2019ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಸಾವಿರಾರು ಮಕ್ಕಳಿಗೆ ಅನ್ನ ವಸತಿಗಳ ನೆರಳಾಗಿದ್ದುದನ್ನು ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಸೋರುವ ವಿದ್ಯಾರ್ಥಿನಿಲಯದ ಮಾತು. ಅಷ್ಟು ಅಲೆದ ಮೇಲೆ ಮತ್ತೆ ಅಲ್ಲಿಗೆ ಹೋಗಿ, ಹಳೆಯ ಕೆಲಸ ಬಲ್ಲ ಒಬ್ಬ ಗಾರೆ ಮೇಸ್ತ್ರಿಯನ್ನು ಜೊತೆಯಲ್ಲಿ ಕರೆದುಕೊಂಡು ತಾರಸಿ ಹತ್ತಿದೆ. ಅವನು ಎರಡು ಕಡೆ ಸುತ್ತಿಗೆಯಿಂದ ತಟ್ಟಿ ಕಾರಣ ಹೇಳಿದ. ಮೂಲದ ಕೆಲಸ ಸುಣ್ಣದ ಗಾರೆಯದು: ಸುಣ್ಣ ಮರಳನ್ನು ಅರೆದು, ಬೆಲ್ಲದ ನೀರು ಅಳಲೆಕಾಯಿಯ ನೀರು ಸೇರಿಸಿ ಕಟ್ಟಿದ್ದು. ಅಂಥ ಗಾರೆ ತೇವವನ್ನು ಹೀರಿದರೂ ಬಿಸಿಲಿಗೆ ಬಿಟ್ಟುಕೊಡುತ್ತದೆ. ಯಾವಾಗಲೋ ರಿಪೇರಿಯ ಹೆಸರಿನಲ್ಲಿ ಅದರ ಮೇಲೆ ಸಿಮೆಂಟು ಬಳಿದಿದ್ದಾರೆ. ಸಿಮೆಂಟು ಬಿರುಕು ಬಿಟ್ಟಿತು. ಬಿರುಕಿನಲ್ಲಿ ಇಳಿದ ನೀರು ಹೊರಗೆ ಬರಲು ದಾರಿಯಿಲ್ಲದೆ ಒಳಗೇ ಇಳಿಯಿತು. "ಕಲ್ಲು ಕೆಟ್ಟಿಲ್ಲ ಸ್ವಾಮಿ, ಮೇಲಿನ ಅಂಗಿ ಕೆಟ್ಟಿದೆ" ಎಂದ ಮೇಸ್ತ್ರಿ. ತಳಪಾಯ ಕುಸಿದಿಲ್ಲ, ಗೋಡೆ ವಾಲಿಲ್ಲ. ಕಲ್ಲಿನ ಕಟ್ಟಡಗಳೆಲ್ಲ ಉಳಿಯತಕ್ಕವೆಂದು ನಾನು ವಾದಿಸುವವನಲ್ಲ. ಗೋಡೆ ವಾಲಿದ್ದರೆ, ಮಕ್ಕಳ ತಲೆಯ ಮೇಲೆ ಬೀಳುವಂತಿದ್ದರೆ, ನಾನೇ ಮೊದಲ ಕಲ್ಲು ಕೀಳಿರೆನ್ನುತ್ತಿದ್ದೆ.

ಆಡಳಿತ ಮಂಡಲಿಗೆ ಎರಡು ಪುಟದ ಪತ್ರ ಬರೆದುಕೊಟ್ಟೆ. ತಾರಸಿಯ ಸಿಮೆಂಟು ತೆಗೆಸಿ ಮತ್ತೆ ಗಾರೆ ಹಾಕಿಸಬೇಕು. ಅದಕ್ಕೆ ಮೊದಲು ಅರ್ಹ ಎಂಜಿನಿಯರರಿಂದ ಕಟ್ಟಡದ ಬಲ ಪರೀಕ್ಷೆಯಾಗಬೇಕು. ಮಕ್ಕಳ ಸಂಖ್ಯೆ ಹೆಚ್ಚಿರುವುದು ನಿಜ. ಅದಕ್ಕೆ ಬಾವಿಯಾಚೆಯ ಖಾಲಿ ಜಾಗದಲ್ಲಿ, ಒತ್ತು ಇಟ್ಟಿಗೆಯಲ್ಲಿ, ಎರಡಂತಸ್ತಿನ ಹೊಸ ಸಾಲು ಕಟ್ಟಿಸಬಹುದು. ಹೆಣ್ಣುಮಕ್ಕಳಿಗೆ ಆ ಊರಿನಲ್ಲಿ ಸಮಾಜದ ನಿಲಯವಿಲ್ಲ. ಹೊಸ ಸಾಲು ಅವರಿಗೇ ಆಗಲಿ ಎಂದೂ ಸೇರಿಸಿದೆ. ಒಂದು ವೇಳೆ ಕೆಡವುವುದೇ ನಿಶ್ಚಯವಾದರೆ, ಅಳತೆ ತೆಗೆದು, ನಕ್ಷೆ ಬರೆಸಿ, ಛಾಯಾಚಿತ್ರ ಹಿಡಿಸಿದ ಮೇಲೆ ಮಾತ್ರ ಕೈಹಾಕಬೇಕೆಂದು ಕೇಳಿಕೊಂಡೆ.

ಪತ್ರ ಓದಿದ ದಾನಿಗಳೊಬ್ಬರು, "ಗಾರೆ ರಿಪೇರಿಗೆ ಹಣ ಕೊಟ್ಟರೆ ಹೆಸರಿನ ಫಲಕ ಎಲ್ಲಿ ಹಾಕುತ್ತೀರಿ?" ಎಂದರು. ಸಭೆ ನಕ್ಕಿತು, ಅವರು ಮಾತ್ರ ನಗಲಿಲ್ಲ. ಕಾರ್ಯದರ್ಶಿಗಳು ಎಂಜಿನಿಯರರನ್ನು ಕರೆಸಲು ಒಪ್ಪಿದ್ದಾರೆ. ತೀರ್ಮಾನ ಶ್ರಾವಣ ಕಳೆದ ಮೇಲಿನ ಸಭೆಯಲ್ಲಿ. ಅಷ್ಟರೊಳಗೆ ಮಳೆ ಬಂದಾಗ ನೀರು ಯಾವ ಯಾವ ಜಾಗದಲ್ಲಿ ತೊಟ್ಟಿಕ್ಕುತ್ತದೆಂದು ನೆಲದ ಮೇಲೆ ಗುರುತು ಹಾಕಿಡಲು ನಿಲಯದ ಇಬ್ಬರು ಹುಡುಗರಿಗೆ ಒಂದೊಂದು ಸೀಮೆಸುಣ್ಣ ಕೊಟ್ಟು ಬಂದಿದ್ದೇನೆ.